ಭಾವನ ಕಾಲಳತೆ

ಬೂಟಿನವನಿಗೆ ಮೊದಲ ಸಲ ಅನುಮಾನ ಬಂದಾಗ ಅದರ ಗಾತ್ರ ಬರೀ ಆರು ಮಿಲಿಮೀಟರ್.

ಬೂಟಿನವನು ಎಂದೇ ಬೀದಿಯಲ್ಲೆಲ್ಲ ಅವನಿಗೆ ಹೆಸರು. ಒಂದು ಕಾಲು ಗಿಡ್ಡ ಇರುವವರು, ಹೆಬ್ಬೆರಳು ಸೊಟ್ಟಗಾದವರು, ದೊಡ್ಡ ಅಂಗಡಿಗಳಲ್ಲಿ ಯಾವ ಜೋಡೂ ಹಿಡಿಸದೆ ಸೋತವರು ಅವನಲ್ಲಿಗೆ ಬಂದು ಕೈಯಲ್ಲಿ ಹೊಲಿಸಿಕೊಂಡು ಹೋಗುತ್ತಿದ್ದರು. ಬಂದವರನ್ನು ತೆಳುವಾದ ಬಿಳಿ ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯುವುದು ಅವನ ಮೊದಲ ಕೆಲಸ. ಗೆರೆ ಎಳೆದ ಮೇಲೆ ಕಾಗದದ ಮೂಲೆಯಲ್ಲಿ ತಾರೀಖು ಬರೆಯುತ್ತಿದ್ದ. ಹೀಗೆ ಹದಿನಾಲ್ಕು ವರ್ಷಗಳ ಪಾದಗಳು ಅವನ ಕಪಾಟಿನಲ್ಲಿ ಒಂದರ ಮೇಲೊಂದು ಮಲಗಿದ್ದವು. ಅಕ್ಕನ ಗಂಡನ ಪಾದ ಅದರಲ್ಲಿ ಮೂರು ಸಲ ಇತ್ತು. ಮೂರೂ ಒಂದೇ ಅಳತೆ, ಕೂದಲೆಳೆಯ ವ್ಯತ್ಯಾಸವಿಲ್ಲ. ನಾಲ್ಕನೆಯದು ಮಾತ್ರ ಆರು ಮಿಲಿಮೀಟರ್ ಉದ್ದ.

ಭಾವ ಅದೇ ಬೀದಿಯಲ್ಲಿ, ನಾಲ್ಕು ಅಂಗಡಿ ಆಚೆ, ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿಡುವ ಅವನ ಬೆರಳುಗಳನ್ನು ನೋಡುವುದಕ್ಕೆಂದೇ ಜನ ನಿಲ್ಲುತ್ತಿದ್ದರು. ಆದರೆ ನಲವತ್ತೆರಡು ದಾಟಿದ ಮೇಲೆ ಅವನಿಗೆ ಏನೋ ಆಗಿಹೋಗಿತ್ತು. ಹೊಟ್ಟೆ ಮುಂದಕ್ಕೆ ಬಂತು. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಎದುರಿನ ಬಟ್ಟೆ ಅಂಗಡಿಯವನು ಅವನಿಗೆ ‘ಗಂಟೆ ಮುಳ್ಳು’ ಎಂದು ಅಡ್ಡಹೆಸರಿಟ್ಟಿದ್ದ; ಅಲುಗಿದ್ದೇ ಕಾಣುವುದಿಲ್ಲ ಅಂತ.

"ಮೂಲೆಗೆ ಒರಗಿಸಿಟ್ಟ ಚೀಲದ ಹಾಗೆ ಕೂತುಬಿಡ್ತಾರೆ ಕಣೋ" ಎಂದು ಅಕ್ಕ ಒಂದು ದಿನ ತಮ್ಮನ ಅಂಗಡಿಯ ಮರದ ಸ್ಟೂಲಿನ ಮೇಲೆ ಕೂತು ಹೇಳಿದ್ದಳು. "ಮಾತಾಡಿಸಿದ್ರೆ ಹೂಂ. ಇಲ್ಲದಿದ್ರೆ ಅದೂ ಇಲ್ಲ. ಇನ್ನೇನೇನೋ ಇದೆ, ನಿನ್ನ ಹತ್ರ ಹೇಳೋಕಾಗಲ್ಲ." ಅಷ್ಟು ಹೇಳಿ ಕೈಚೀಲದ ಜಿಪ್ಪನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದ್ದಳು. ಬೂಟಿನವನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಅಟ್ಟೆಗೆ ಮೊಳೆ ಹೊಡೆಯುತ್ತ ಕೂತ.

ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಗಂಡಸರ ಹಾರ್ಮೋನು ಟೆಸ್ಟೊಸ್ಟೆರಾನ್ ಮುನ್ನೂರರ ಮೇಲಿರಬೇಕಾದದ್ದು ಭಾವನಿಗೆ ಇನ್ನೂರ ನಲವತ್ತಿತ್ತು. "ಹೊಟ್ಟೆಯ ಬೊಜ್ಜು, ಕೂತೇ ಮಾಡುವ ಕೆಲಸ, ಕೆಟ್ಟ ನಿದ್ದೆ, ಇವೆಲ್ಲ ಅದನ್ನ ಇಳಿಸುತ್ತವೆ. ಆರು ತಿಂಗಳು ವ್ಯಾಯಾಮ ಮಾಡಿ, ತೂಕ ಇಳಿಸಿ, ಆಮೇಲೆ ಮತ್ತೆ ನನ್ನ ಹತ್ರ ಬನ್ನಿ" ಎಂದು ಅವರು ಹೇಳಿದರು. ಭಾವ ಗಡಿಯಾರದವನು, ಹೇಳಿದ ಹೊತ್ತಿಗೆ ಹೇಳಿದ್ದನ್ನು ಮಾಡುವುದು ಅವನ ರಕ್ತದಲ್ಲೇ ಇತ್ತು. ಬೆಳಿಗ್ಗೆ ಒಂದು ಗಂಟೆ ನಡಿಗೆ, ವಾರಕ್ಕೆ ಮೂರು ದಿನ ಜಿಮ್. ಆರು ತಿಂಗಳಲ್ಲಿ ಬೆಲ್ಟಿಗೆ ಹೊಸದಾಗಿ ಮೂರು ತೂತು ಬಿದ್ದವು. ಸಂಖ್ಯೆ ಮುನ್ನೂರ ಮೂವತ್ತಕ್ಕೆ ಏರಿತು. ಭಾವ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬೀದಿಯಲ್ಲಿ ಎಲ್ಲರಿಗೂ ತೋರಿಸಿದ, ಡಾಕ್ಟರೊಬ್ಬರನ್ನು ಬಿಟ್ಟು. ಚೆನ್ನಾಗಿ ಓಡುತ್ತಿರುವ ಗಡಿಯಾರವನ್ನು ಯಾರಾದರೂ ರಿಪೇರಿಗೆ ಒಯ್ಯುತ್ತಾರಾ ಎಂಬುದು ಅವನ ವಾದ. ಬಟ್ಟೆ ಅಂಗಡಿಯವನು, "ಗಂಟೆ ಮುಳ್ಳಿಗೆ ಬಡ್ತಿ ಆಯ್ತಪ್ಪ, ಇನ್ನು ಸೆಕೆಂಡ್ ಮುಳ್ಳು" ಎಂದ.

ಆ ಸಂಭ್ರಮದಲ್ಲೇ ಭಾವ ಹೊಸ ಬೂಟಿಗೆ ಅಳತೆ ಕೊಡಲು ಬಂದದ್ದು. ಬೂಟಿನವನು ಗೆರೆ ಎಳೆದ, ಹಳೆಯ ಕಾಗದ ತೆಗೆದು ಪಕ್ಕಕ್ಕಿಟ್ಟ, ಹುಬ್ಬು ಗಂಟಿಕ್ಕಿದ. ಆರು ಮಿಲಿಮೀಟರ್. ನಡೆದೂ ನಡೆದೂ ಪಾದದ ಕಮಾನು ಸ್ವಲ್ಪ ಚಪ್ಪಟೆಯಾದರೆ ಹೀಗಾಗುವುದುಂಟು ಎಂದುಕೊಂಡು ಸುಮ್ಮನಾದ. ಭಾವನ ಕಾಲಿನ ಮರದ ಅಚ್ಚು ಅವನ ಬಳಿ ಮೊದಲಿಂದಲೂ ಇತ್ತು. ಅದರ ತುದಿಗೆ ಒಂದು ತೊಗಲಿನ ತುಂಡು ಅಂಟಿಸಿ, ಉಜ್ಜಿ ನಯ ಮಾಡಿ, ಅದರ ಮೇಲೆ ಬೂಟು ಹೊಲಿದುಕೊಟ್ಟ.

ಏಳು ತಿಂಗಳಿಗೆ ಭಾವ ಅದೇ ಬೂಟನ್ನು ಕೈಯಲ್ಲಿ ಹಿಡಿದು ಬಂದ. "ಏನಯ್ಯಾ, ಬಿಗಿ ಆಗ್ತಿದೆಯಲ್ಲ ಇದು?"

ಮತ್ತೆ ಕಾಗದ, ಮತ್ತೆ ಗೆರೆ. ಇನ್ನೂ ಐದು ಮಿಲಿಮೀಟರ್. ಈ ಸಲ ಅಗಲವೂ ಹೆಚ್ಚಿತ್ತು, ಹಿಮ್ಮಡಿಯ ಮಾಂಸ ಒತ್ತಿದರೆ ರಬ್ಬರಿನ ಹಾಗೆ ದಪ್ಪಗೆ ಸಿಗುತ್ತಿತ್ತು. ಕಮಾನು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಬೂಟಿನವನು ಪಾದ ಹಿಡಿದುಕೊಂಡೇ ಕೂತ. ಸಾವಿರಾರು ಪಾದ ಹಿಡಿದ ಕೈ ಅದು. ನಲವತ್ತನಾಲ್ಕು ವರ್ಷದ ಗಂಡಸಿನ ಕಾಲು ಅಗಲವಾದೀತು, ಬಾತುಕೊಂಡೀತು, ಸೊಟ್ಟಗಾದೀತು, ಬೆಳೆಯುವುದಿಲ್ಲ. ಇದು ಬೆಳೆಯುತ್ತಿತ್ತು.

"ಏನು, ಗರ ಬಡಿದವನ ಹಾಗೆ ಕೂತೆ?" ಎಂದ ಭಾವ.

"ಏನಿಲ್ಲ ಭಾವ. ತೊಗಲು ಕುಗ್ಗಿದೆ. ಹದ ಸರಿ ಇರಲಿಲ್ಲ ಅಂತ ಕಾಣುತ್ತೆ. ಬೇರೆ ಮಾಡಿಕೊಡ್ತೀನಿ ಬಿಡಿ."

ಸುಳ್ಳು ಹೇಳುವಾಗ ಅವನ ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿ ಅಕ್ಕ ನಿಂತಿದ್ದಳು, ತುಟಿಯಲ್ಲಿ ನಗು. ಗಂಡ ಬೀದಿಯ ಆ ಬದಿಯವನಿಗೆ ಏನೋ ಕೂಗಿ ಹೇಳಲು ಹೊರಗೆ ಹೋದಾಗ ಅವಳು ತಮ್ಮನ ಕಿವಿಯ ಹತ್ತಿರ ಬಂದು, "ಇವರು ಹೀಗೆ ನಕ್ಕಿದ್ದನ್ನ ನೋಡಿ ಎಷ್ಟು ವರ್ಷ ಆಗಿತ್ತು ಗೊತ್ತಾ" ಎಂದಳು. ಆ ಮುಖ ನೋಡಿಕೊಂಡು ಯಾರು ಏನು ಹೇಳಿಯಾರು?

ಅವನು ಬಾಯಿಗೆ ಬೀಗ ಹಾಕಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರ ಪಾದದಡಿಯಲ್ಲಿ ನೋವಿಲ್ಲದ ಹುಣ್ಣೊಂದನ್ನು ಕಂಡು, ನೋವಿಲ್ಲದಿರುವುದೇ ಕೆಟ್ಟದ್ದು, ಇದು ಕಾಲನ್ನೇ ತಿನ್ನುತ್ತದೆ ಎಂದು ಅವರ ಮನೆಯವರಿಗೆ ಹೇಳಿದ್ದ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲು ಕತ್ತರಿಸಬೇಕಾಗಿ ಬಂದಾಗ ಮಾತ್ರ ಮೇಷ್ಟ್ರ ಮಗ ಅಂಗಡಿಯ ಮುಂದೆ ನಿಂತು, "ನೀನು ಕೆಟ್ಟದ್ದು ನುಡಿದೆ, ಹಾಗೇ ಆಯ್ತು" ಎಂದಿದ್ದ. ಅಂದಿನಿಂದ ಬೂಟಿನವನು ಕಂಡದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದನ್ನು ಕಲಿತಿದ್ದ. ಅಚ್ಚಿಗೆ ಇನ್ನೊಂದು ತುಂಡು ತೊಗಲು ಅಂಟಿಸಿದ.

ಆ ವರ್ಷ ಭಾವನಲ್ಲಿ ಏನು ಬದಲಾದರೂ ಜನರ ಬಳಿ ಉತ್ತರ ಸಿದ್ಧವಿತ್ತು. ದವಡೆ ಮುಂದೆ ಬಂತು. ವ್ಯಾಯಾಮ ಮಾಡಿ ಮುಖದ ಬೊಜ್ಜು ಕರಗಿದೆ ಎಂದರು. ದನಿ ಕೊಡದೊಳಗಿಂದ ಬಂದಂತೆ ಗಡಸಾಯಿತು; ಗಂಡಸುತನ ಎಂದು ಬಟ್ಟೆ ಅಂಗಡಿಯವನು ಕಣ್ಣು ಮಿಟುಕಿಸಿದ. ಅಂಗಿ ಗಂಟೆಗೊಂದು ಸಲ ಬೆವರಿಗೆ ಒದ್ದೆಯಾಗುತ್ತಿತ್ತು. ಮೈ ಒಳಗಿನ ಕೊಳೆ ಹೊರಗೆ ಹೋಗುತ್ತಿದೆ ಎಂದು ಭಾವನೇ ಹೇಳಿದ. ಬೆರಳು ದಪ್ಪಗಾಗಿ ಮದುವೆಯ ಉಂಗುರ ಕತ್ತರಿಸಿ ತೆಗೆಸಬೇಕಾಯಿತು. ಅದನ್ನೂ ಅವನು ಹೆಮ್ಮೆಯಿಂದಲೇ ಹೇಳಿಕೊಂಡ: "ಕಬ್ಬಿಣ ಎತ್ತೋ ಕೈ ಕಣಪ್ಪ ಇದು."

ಆದರೆ ಆ ಕೈ ತಿರುಪುಗಳನ್ನು ಬೀಳಿಸಲು ಶುರುಮಾಡಿತ್ತು. ಬೂಟಿನವನು ಹೋದಾಗಲೆಲ್ಲ ಭಾವ ನೆಲದ ಮೇಲೆ ಆಯಸ್ಕಾಂತ ಆಡಿಸುತ್ತ ಮೊಣಕಾಲೂರಿ ಕೂತಿರುತ್ತಿದ್ದ. ಹೆಂಗಸರ ಸಣ್ಣ ಗಡಿಯಾರಗಳನ್ನು ಆಗುವುದಿಲ್ಲ ಎಂದು ವಾಪಸು ಕಳಿಸತೊಡಗಿದ.

ಜಿಮ್ಮಿನ ಕೋಚ್ ಒಳ್ಳೆಯ ಮನುಷ್ಯ, ತಿಳಿದಷ್ಟನ್ನೇ ಹೇಳುವವನು. ಭಾವ ಮೂರನೆಯ ಸಲ ತಾನಾಗಿಯೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದು, ಸಂಖ್ಯೆ ನೂರ ತೊಂಬತ್ತಕ್ಕೆ ಕುಸಿದಿರುವುದನ್ನು ತೋರಿಸಿದಾಗ ಕೋಚ್ ಕಾಗದವನ್ನು ಬಹಳ ಹೊತ್ತು ನೋಡಿದ. ಬೂಟಿನವನೂ ಅಂದು ಜೊತೆಗಿದ್ದ.

"ನೋಡಿ ಸರ್, ತೂಕ ಎತ್ತಿದ ಕೂಡಲೇ ಈ ಹಾರ್ಮೋನು ಸ್ವಲ್ಪ ಏರುತ್ತೆ, ಒಂದು ಗಂಟೆಯೊಳಗೆ ಇಳಿದು ತನ್ನ ಜಾಗಕ್ಕೆ ಬರುತ್ತೆ. ನಿಮಗೆ ನಿಜವಾಗಿ ಲಾಭ ಆಗಿದ್ದು ಹೊಟ್ಟೆ ಕರಗಿದ್ದರಿಂದ. ಅತಿಯಾಗಿ ಮಾಡಿ, ವಿಶ್ರಾಂತಿ ಕೊಡದಿದ್ರೆ ಉಲ್ಟಾ ಇಳಿಯುತ್ತೆ. ಮೂರು ವಾರ ಬಿಟ್ಟುಬಿಡಿ."

"ಬಿಡೋದಾ? ಇಳಿದಿರೋದು ಮೈಗಳ್ಳತನದಿಂದ."

"ಮೂರು ವಾರ ಬಿಟ್ಟ ಮೇಲೂ ಏರದಿದ್ರೆ ಡಾಕ್ಟರ ಹತ್ರ ಹೋಗಿ. ಆಗ ಅದು ನನ್ನ ಕೈಯಲ್ಲಿಲ್ಲ."

ಭಾವ ಬಿಡಲಿಲ್ಲ. ವಾರಕ್ಕೆ ಮೂರು ದಿನ ಇದ್ದದ್ದು ಆರಾಯಿತು. ಬೆಳಗಿನ ನಡಿಗೆ ಓಟವಾಯಿತು. ಅಕ್ಕನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ದಿನಾ ತಲೆನೋವು ಅಂತ ಗೋಡೆಗೆ ಹಣೆ ಒತ್ತಿ ನಿಲ್ತಾರೆ" ಎಂದಳು ಒಮ್ಮೆ. "ಗೊರಕೆ ಕೇಳಿದ್ರೆ ಪಕ್ಕದಲ್ಲಿ ಯಾರೋ ಬೇರೆಯವರು ಮಲಗಿದ ಹಾಗೆ. ಬೆಳಕಿನಲ್ಲಿ ಮುಖ ನೋಡಿದ್ರೂ ಒಂದೊಂದು ಸಲ ಹಾಗೇ ಅನ್ನಿಸುತ್ತೆ ಕಣೋ. ನನಗೇ ತಲೆ ಕೆಟ್ಟಿದೆಯೇನೋ."

"ಇಲ್ಲಕ್ಕ" ಎಂದ ಬೂಟಿನವನು. ಮುಂದಿನ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು. ಗಿರಾಕಿ ಹೋದ ಮೇಲೂ ಅವನು ಅದನ್ನು ಹೇಳಲಿಲ್ಲ.

ಐದನೆಯ ಕಾಗದವಾದ ಎಂಟು ತಿಂಗಳಿಗೆ ಸೈಕಲ್ಲಿನ ಪ್ರಸಂಗ ನಡೆಯಿತು. ಅಂದು ಇಬ್ಬರೂ ಒಟ್ಟಿಗೆ ಅಂಗಡಿ ತೆರೆಯಲು ಹೊರಟಿದ್ದರು. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು, ರಸ್ತೆ ಖಾಲಿ. ಎಡಗಡೆಯ ಓಣಿಯಿಂದ ಪತ್ರಿಕೆ ಹಾಕುವವನು ಸೈಕಲ್ಲಿನಲ್ಲಿ ಬರುವುದನ್ನು ಬೂಟಿನವನು ಇಪ್ಪತ್ತು ಹೆಜ್ಜೆ ದೂರದಿಂದಲೇ ಕಂಡ. ಗಂಟೆಯೂ ಕೇಳಿಸಿತು. ಭಾವ ನಿಲ್ಲುತ್ತಾನೆ ಎಂದೇ ಅಂದುಕೊಂಡ. ಭಾವ ನಿಲ್ಲಲಿಲ್ಲ. ನೇರ ಸೈಕಲ್ಲಿನ ಚಕ್ರಕ್ಕೆ ಕಾಲು ಕೊಟ್ಟ. ಅವನೂ ಪತ್ರಿಕೆಯವನೂ ಬಿದ್ದರು, ಪತ್ರಿಕೆಗಳು ಚೆಲ್ಲಾಪಿಲ್ಲಿಯಾದವು.

"ಎಲ್ಲಿಂದ ಬಂದ ಇವನು? ಆಕಾಶದಿಂದ ಉದುರಿದ ಹಾಗೆ" ಎಂದು ಭಾವ ಧೂಳು ಕೊಡವಿಕೊಂಡ.

"ಗಂಟೆ ಹೊಡೆದೆನಲ್ಲ ಸ್ವಾಮಿ. ಎದುರಿಗೇ ಇದ್ದೆ" ಎಂದ ಪತ್ರಿಕೆಯವನು.

ಭಾವನ ಮೊಣಕೈ ತರಚಿತ್ತು. ಬೂಟಿನವನು ಅವನನ್ನು ತನ್ನ ಅಂಗಡಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿ ಗಾಯ ತೊಳೆದ. ಭಾವ ಎದುರಿನ ಗೋಡೆಯಲ್ಲಿ ಸಾಲಾಗಿ ಜೋಡಿಸಿದ್ದ ಮರದ ಅಚ್ಚುಗಳನ್ನು ನೋಡುತ್ತ ಇನ್ನೂ ಪತ್ರಿಕೆಯವನನ್ನು ಬೈಯುತ್ತಿದ್ದ. ಬೂಟಿನವನಿಗೆ ಏನನ್ನಿಸಿತೋ, ಭಾವನ ಎಡಭುಜದ ಪಕ್ಕದಲ್ಲಿ ನಿಂತು ಸುತ್ತಿಗೆಯನ್ನು ನಿಧಾನವಾಗಿ ಎತ್ತಿದ. ಅವನ ಕೆನ್ನೆಗೆ ಒಂದು ಮೊಳ ದೂರದಲ್ಲಿ ಹಿಡಿದು ಆಡಿಸಿದ. ಭಾವ ಮಾತು ನಿಲ್ಲಿಸಲಿಲ್ಲ, ರೆಪ್ಪೆ ಅಲುಗಲಿಲ್ಲ. ಬೂಟಿನವನು ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದ. ಅಲ್ಲೂ ಸುತ್ತಿಗೆ ಎತ್ತಿದ. ಭಾವ ಅಚ್ಚುಗಳ ಕಡೆ ನೋಡುತ್ತ, "ನಡಿಯೋಕೂ ಬಿಡಲ್ಲ ಜನ" ಎನ್ನುತ್ತಿದ್ದ.

ದಿನವೆಲ್ಲ ಭೂತಗನ್ನಡಿಯಲ್ಲಿ ಮುಂದಿನ ಮೂರು ಇಂಚನ್ನಷ್ಟೇ ನೋಡುವ ಮನುಷ್ಯ. ಎರಡೂ ಪಕ್ಕದ ಲೋಕ ಅಳಿಸಿಹೋದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ?

ಅವನು ಸುತ್ತಿಗೆ ಕೆಳಗಿಟ್ಟು ಕಪಾಟು ತೆರೆದ. ಐದು ಕಾಗದ ತೆಗೆದ. ಭಾವನ ಬೂಟು ಬಿಚ್ಚಿಸಿ ಆರನೆಯದರ ಮೇಲೆ ನಿಲ್ಲಿಸಿ ಗೆರೆ ಎಳೆದ. ಕಿಟಕಿಯ ಗಾಜಿಗೆ ಆರನ್ನೂ ಒಂದರ ಮೇಲೊಂದು ಒತ್ತಿ ಹಿಡಿದ. ಹಿಂದಿನಿಂದ ಬಿಸಿಲು ಬಂತು. ಮೊದಲ ಮೂರು ಪಾದಗಳು ಒಂದೇ ಗೆರೆಯಾಗಿ ಕೂಡಿಕೊಂಡಿದ್ದವು. ಅದರ ಹೊರಗೆ ಒಂದು, ಅದರ ಹೊರಗೆ ಇನ್ನೊಂದು, ಅದರ ಹೊರಗೆ ಇನ್ನೂ ಒಂದು.

ಭಾವ ಬಹಳ ಹೊತ್ತು ನೋಡಿದ. "ವ್ಯಾಯಾಮದಿಂದ ಬೆಳವಣಿಗೆಯ ಹಾರ್ಮೋನೂ ಹೆಚ್ಚುತ್ತೆ ಅಂತ ಕೋಚೇ ಹೇಳಿದಾನೆ" ಎಂದ. ಆದರೆ ಆ ಗಡಸು ದನಿಯಲ್ಲಿ ಕಸುವಿರಲಿಲ್ಲ.

"ಹೆಚ್ಚಲಿ ಭಾವ. ಜಿಮ್ಮಿಗೆ ಹೋಗೋ ಇನ್ನೂ ಹತ್ತು ಜನಕ್ಕೆ ಬೂಟು ಹೊಲಿದಿದ್ದೀನಿ ನಾನು. ಯಾರ ಕಾಲೂ ಬೆಳೆದಿಲ್ಲ. ನಿಮಗೆ ಪಕ್ಕದಲ್ಲಿ ನಿಂತ ನಾನೂ ಕಾಣ್ತಿಲ್ಲ. ಏಳಿ, ಡಾಕ್ಟರ ಹತ್ರ ಹೋಗೋಣ."

"ನಾನು ಚೆನ್ನಾಗಿದ್ದೀನಿ."

"ಏಳಿ ಭಾವ."

ಭಾವ ಎದ್ದ. ಬೂಟಿಗೆ ಕಾಲು ತೂರಿಸಿದ. ಲೇಸು ಬೂಟಿನವನೇ ಕಟ್ಟಿ, ಆರೂ ಕಾಗದಗಳನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರು ಭಾವನ ಮುಖ ನೋಡಿದ ಕೂಡಲೇ ಕನ್ನಡಕ ತೆಗೆದಿಟ್ಟರು. ಹಲ್ಲುಗಳ ನಡುವೆ ಬಿದ್ದಿದ್ದ ಸಂದು, ನಾಲಿಗೆ, ಅಂಗೈ ಎಲ್ಲ ನೋಡಿದರು. ಒಂದು ಕಣ್ಣು ಮುಚ್ಚಿಸಿ ಬೆರಳನ್ನು ಪಕ್ಕದಿಂದ ಮುಂದಕ್ಕೆ ತರುತ್ತ, ಕಂಡಾಗ ಹೇಳಿ ಎಂದರು. ಬೆರಳು ಮೂಗಿನ ನೇರಕ್ಕೆ ಬರುವವರೆಗೂ ಭಾವ ಏನೂ ಹೇಳಲಿಲ್ಲ. ಹೊಸ ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್. ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟಿರಬೇಕಾದ ಪಿಟ್ಯುಟರಿ ಗ್ರಂಥಿಯಲ್ಲಿ, ದೊಡ್ಡ ದ್ರಾಕ್ಷಿಯಷ್ಟು ಗೆಡ್ಡೆ ಕೂತಿತ್ತು.

ಅಕ್ಕನನ್ನೂ ಕೂರಿಸಿಕೊಂಡು ಡಾಕ್ಟರು ವಿವರಿಸಿದರು. "ಈ ಗೆಡ್ಡೆ ಬೆಳವಣಿಗೆಯ ಹಾರ್ಮೋನನ್ನ ನಿಲ್ಲಿಸದೆ ಸುರಿಸ್ತಾ ಇದೆ. ಕೈ, ಕಾಲು, ದವಡೆ ಬೆಳೆದದ್ದು ಅದರಿಂದ. ಅದೇ ಗೆಡ್ಡೆ ಗ್ರಂಥಿಯನ್ನ ಒತ್ತಿ ಗಂಡಸರ ಹಾರ್ಮೋನನ್ನ ಇಳಿಸಿದೆ, ಮೇಲಿರುವ ಕಣ್ಣಿನ ನರವನ್ನೂ ಒತ್ತಿದೆ. ವ್ಯಾಯಾಮ ಮಾಡಿದ್ದು ತಪ್ಪಲ್ಲ. ಅದರಿಂದ ಒಳ್ಳೆಯದೇ ಆಗಿದೆ. ಆದರೆ ಆಗಿದ್ದಕ್ಕೆಲ್ಲ ಅದೇ ಕಾರಣ ಅಂತ ಎಲ್ಲರೂ ಅಂದುಕೊಂಡಿರಿ. ಎರಡನೇ ಸಲ ನನ್ನ ಹತ್ರ ಬಂದಿದ್ದರೆ..." ಎಂದವರು ಮಾತನ್ನು ಅಲ್ಲಿಗೇ ಬಿಟ್ಟರು.

ಆಮೇಲೆ ಮೇಜಿನ ಮೇಲಿದ್ದ ಆರು ಕಾಗದಗಳನ್ನು ಎತ್ತಿಕೊಂಡರು. ಮೂಲೆಯ ತಾರೀಖುಗಳನ್ನು ಓದಿದರು. "ಇದನ್ನ ಯಾರು ಬರೆದಿದ್ದು?"

"ನಾನು" ಎಂದ ಬೂಟಿನವನು.

ಡಾಕ್ಟರು ಅವನ ಮುಖ ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ದಿನ ಅನ್ನಿಸಿತು.

ಮೂಗಿನ ಒಳಗಿನಿಂದಲೇ ದಾರಿ ಮಾಡಿಕೊಂಡು ಗೆಡ್ಡೆಯನ್ನು ತೆಗೆದರು. ಪೂರ್ತಿ ಬರಲಿಲ್ಲ, ದೊಡ್ಡ ರಕ್ತನಾಳಕ್ಕೆ ಅಂಟಿದ್ದ ಒಂದು ಚೂರನ್ನು ಬಿಡಬೇಕಾಯಿತು. ತಲೆನೋವು ಹೋಯಿತು. ಬೆರಳುಗಳ ಬಾವು ಸ್ವಲ್ಪ ಇಳಿಯಿತು, ಮೂಳೆ ಇಳಿಯಲಿಲ್ಲ. ಬಲಗಡೆಯ ನೋಟ ಮುಕ್ಕಾಲು ಪಾಲು ತಿರುಗಿ ಬಂತು, ಎಡಗಡೆ ಬರಲೇ ಇಲ್ಲ. ಭಾವ ಚಿಮಟ, ಸಣ್ಣ ತಿರುಪುಳಿಗಳನ್ನೆಲ್ಲ ಡಬ್ಬಿಗೆ ಹಾಕಿ, ಗೋಡೆ ಗಡಿಯಾರಗಳನ್ನಷ್ಟೇ ಇಟ್ಟುಕೊಂಡ.

ಆಸ್ಪತ್ರೆಯಿಂದ ಬಂದ ಎರಡನೆಯ ವಾರ, ಬೂಟಿನವನು ನೋಡಲು ಹೋಗಿದ್ದಾಗ ಭಾವ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದ. ಅಕ್ಕ ಕಿಟಕಿಯ ಬಳಿ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಒಂದು ಮಾತು ಕೇಳ್ತೀನಿ" ಎಂದ ಭಾವ. "ತೊಗಲು ಕುಗ್ಗಿದೆ ಅಂದೆಯಲ್ಲ, ಅವತ್ತು ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಗೆಡ್ಡೆ ಅಂತ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

"ಗೊತ್ತಿತ್ತು ಭಾವ. ಕಾಲು ಬೆಳೀತಿದೆ ಅಂತ ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀವು ಖುಷಿಯಾಗಿದ್ರಿ."

ಭಾವ ತನ್ನ ದೊಡ್ಡ ಕೈಗಳನ್ನು ತೊಡೆಯ ಮೇಲೆ ತಿರುಗಿಸಿ ಇಟ್ಟುಕೊಂಡ. ಅಕ್ಕನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಸಿದ್ದು ಹಾಗೇ ಇತ್ತು. ಅವಳು ಅದನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕು ತಿಂಗಳು ಅವಳು ತಮ್ಮನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಆ ಬದಿಗೆ ದಾಟುತ್ತಿದ್ದಳು. ಭಾವನೇ ಆಗಾಗ ಬಂದು ಅಂಗಡಿಯಲ್ಲಿ ಕೂರುತ್ತಿದ್ದ, ಹವೆಯ ಬಗ್ಗೆ ಎರಡು ಮಾತಾಡಿ ಎದ್ದು ಹೋಗುತ್ತಿದ್ದ. ಬೈದಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು.

ಐದನೆಯ ತಿಂಗಳಲ್ಲಿ ಅಕ್ಕನ ಫೋನ್ ಬಂತು. "ಇವತ್ತು ಮೂರು ಗಂಟೆಗೆ ಇವರ ರಿಪೋರ್ಟ್. ನೀನೂ ಬಾ" ಎಂದಷ್ಟೇ ಹೇಳಿ ಇಟ್ಟಳು. ಅವನು ಗಿರಾಕಿಯ ಕಾಲನ್ನು ಕಾಗದದ ಮೇಲೇ ಬಿಟ್ಟು ಎದ್ದ.

ಬೆಳವಣಿಗೆಯ ಹಾರ್ಮೋನು ಇಳಿದಿತ್ತು, ಆದರೆ ಡಾಕ್ಟರು ಬಯಸಿದಷ್ಟು ಇಳಿದಿರಲಿಲ್ಲ. ಒಳಗೆ ಉಳಿದ ಚೂರು ಸುಮ್ಮನೆ ಕೂತಿರಲಿಲ್ಲ. ಇನ್ನು ತಿಂಗಳಿಗೊಂದು ಇಂಜೆಕ್ಷನ್, ಬಹುಶಃ ಕೊನೆಯವರೆಗೂ. "ನಡಿಗೆ ಬಿಡಬೇಡಿ, ಹದವಾಗಿ ಮಾಡಿ" ಎಂದರು. ಭಾವ ಎಲ್ಲಕ್ಕೂ ತಲೆಯಾಡಿಸಿದ. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಮೊದಲು ಹೊರಗೆ ಹೊರಟ.

ಉದ್ದನೆಯ ಪಡಸಾಲೆ. ಅಕ್ಕ ಮತ್ತು ತಮ್ಮ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಅಕ್ಕ ಮುಂದೆ ನೋಡುತ್ತಲೇ ಮೆಲ್ಲಗೆ ಹೇಳಿದಳು: "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ಲವೋ ಗೊತ್ತಿಲ್ಲ. ಆದ್ರೆ ಇನ್ನು ಮೇಲೆ ಏನು ಕಂಡ್ರೂ ನನಗೆ ಹೇಳಬೇಕು. ನಾನು ನಗ್ತಾ ಇದ್ರೂ ಹೇಳಬೇಕು."

ಬೂಟಿನವನು ಮುಂದೆ ನೋಡಿದ. ಭಾವ ಮೆಟ್ಟಿಲಿನ ತಲೆಗೆ ಬಂದು ಪಕ್ಕದ ಕಂಬಿ ಹಿಡಿದಿದ್ದ. ಒಂದು ಮೆಟ್ಟಿಲು ಇಳಿದು, ಎರಡೂ ಕಾಲು ಜೋಡಿಸಿ ನಿಂತು, ಮತ್ತೊಂದಕ್ಕೆ ಕಾಲು ಚಾಚುತ್ತಿದ್ದ. ಬಲ ಮಂಡಿ ಮಡಚುತ್ತಿರಲಿಲ್ಲ.

"ಹಾಗಾದ್ರೆ ಈಗಲೇ ಹೇಳ್ತೀನಿ ಅಕ್ಕ. ಅವರ ಬಲ ಮಂಡಿ ನೋಡು. ಬರುವಾಗಲೂ ಹಾಗೇ ಹತ್ತಿದ್ರು. ಒಳಗೆ ಡಾಕ್ಟರಿಗೆ ಹೇಳಲಿಲ್ಲ."

ಅಕ್ಕ ನಿಂತಳು. ಗಂಡ ಇನ್ನೊಂದು ಮೆಟ್ಟಿಲು ಇಳಿಯುವುದನ್ನು ಪೂರ್ತಿ ನೋಡಿದಳು. ಆಮೇಲೆ "ಅವರನ್ನ ಅಲ್ಲೇ ನಿಲ್ಲಿಸು" ಎಂದು ತಮ್ಮನಿಗೆ ಹೇಳಿ, ಬಂದ ದಾರಿಯಲ್ಲೇ ತಿರುಗಿ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು.